ಹೈದರಾಬಾದ್‌–ಲಂಡನ್ ಪ್ರಯಾಣ: ಐದೂವರೆ ಗಂಟೆಯಲ್ಲ, ಹತ್ತು ಗಂಟೆ

ಶರಣು ಸರ್. ದೂರದ ಲೆಕ್ಕ ತೋರಿಸುವ ಜಾಲತಾಣದಲ್ಲಿ ಎಂಟೂವರೆ ಗಂಟೆ ಎಂದಿದೆ, ಮಗಳ ಸೆಪ್ಟೆಂಬರ್ ಟಿಕೆಟ್‌ನಲ್ಲಿ ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12.30ಕ್ಕೆ ತಲುಪುತ್ತದೆ ಎಂದಿದೆ, ಯಾವುದು ಸರಿ ಎಂದು ಕೇಳಿದ್ದೀರಿ.

ಟಿಕೆಟ್ ಸರಿಯಾಗಿಯೇ ಇದೆ. ಅದರಲ್ಲಿ ಹೊರಡುವುದು ನಮ್ಮ ಗಡಿಯಾರದಂತೆ, ತಲುಪುವುದು ಅಲ್ಲಿಯ ಗಡಿಯಾರದಂತೆ. ಸೆಪ್ಟೆಂಬರ್‌ನಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ 12.30 ಆದಾಗ ಕಲಬುರಗಿಯಲ್ಲಿ ಸಂಜೆ 5. ಅಂದರೆ ಪೂರ್ತಿ ಹತ್ತು ಗಂಟೆ. (ಅಕ್ಟೋಬರ್ ಕೊನೆಯಿಂದ ಈ ಅಂತರ ಐದೂವರೆ ಗಂಟೆಯಾಗುತ್ತದೆ; ಮಗಳಿಗೆ ಫೋನ್ ಮಾಡುವಾಗ ನೆನಪಿರಲಿ.)

ಜಾಲತಾಣದವರು ಸುಮಾರು 7,750 ಕಿ.ಮೀ. ನೇರ ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ ಉತ್ತರ ಕೊಡುತ್ತಾರೆ. ವಿಮಾನ ಹಾಗೆ ಹಾರುವುದಿಲ್ಲ. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು, ಕೆಲವು ದೇಶಗಳ ಆಕಾಶವನ್ನು ತಪ್ಪಿಸಿ ಸುತ್ತಿ ಹೋಗುವುದು, ಎಲ್ಲಕ್ಕೂ ಸಮಯ ಬೇಕು. ಜೊತೆಗೆ ಮೇಲ್ಮಟ್ಟದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿ ಬೀಸುತ್ತಿರುತ್ತದೆ. ಹೋಗುವಾಗ ಅದು ಎದುರಾಗುತ್ತದೆ. ಬರುವಾಗ ಬೆನ್ನಿಗಿರುತ್ತದೆ, ಆದ್ದರಿಂದ ವಾಪಸು ಪ್ರಯಾಣ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ.

ನನಗೆ ಹೆಚ್ಚು ಕಾಳಜಿ ಇರುವುದು ಈ ಕಡೆಯ, ಅಂದರೆ ಕಲಬುರಗಿಯಿಂದ ಹೈದರಾಬಾದ್ ವಿಮಾನ ನಿಲ್ದಾಣದವರೆಗಿನ ದಾರಿಯ ಬಗ್ಗೆ. ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ ದಾಟಿ ಹೊರವರ್ತುಲ ರಸ್ತೆಯಲ್ಲಿ ವಿಮಾನ ನಿಲ್ದಾಣವಿರುವ ಶಂಶಾಬಾದ್ ತಲುಪಲು ಐದು ಗಂಟೆಯಾದರೂ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. 7ರ ವಿಮಾನಕ್ಕೆ ರಾತ್ರಿ 11ಕ್ಕೇ ಮನೆ ಬಿಡಬೇಕಾಗುತ್ತದೆ. ರಾತ್ರಿಯಿಡೀ ರಸ್ತೆಯಲ್ಲಿರುವ ಬದಲು ಹಿಂದಿನ ದಿನವೇ ರೈಲಿನಲ್ಲಿ ಹೋಗಿ ಹೈದರಾಬಾದಿನಲ್ಲಿ ತಂಗಿದರೆ ಒಳ್ಳೆಯದು.