ಡಿಟೆಕ್ಟರ್ ನೆಲದ ಹತ್ತಿರವೋ, ಮೂಗಿನ ಎತ್ತರಕ್ಕೋ?

ಪ್ರಶ್ನೆ: ಅಡುಗೆಮನೆಗೆ ತಂದ ಗ್ಯಾಸ್ ಡಿಟೆಕ್ಟರನ್ನು ಕಟ್ಟೆ ಮೇಲಿನ ಮಿಕ್ಸಿ ಪ್ಲಗ್ಗಿಗೆ ಸಿಕ್ಕಿಸಿದ್ದೇವೆ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ. ಎರಡಕ್ಕೂ ಇದೊಂದೇ ಸಾಕೆ?
– ಓದುಗರು, ಚಿಂತಾಮಣಿ

ಉತ್ತರ: ಸಾಲದು. ಸಿಲಿಂಡರಿನ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಚೆಲ್ಲಿದ ನೀರಿನಂತೆ ನೆಲದಲ್ಲಿ ಹರಡಿ ಕಟ್ಟೆಯ ಕೆಳಗೆ ನಿಲ್ಲುತ್ತದೆ. ಗಾಳಿಯಲ್ಲಿ ಸುಮಾರು ಶೇ 2ರಷ್ಟು ಬೆರೆತರೆ ಒಂದು ಕಿಡಿ ಸಾಕು. ಅದು ಮಿಕ್ಸಿ ಪ್ಲಗ್ಗಿನ ಎತ್ತರಕ್ಕೆ ಏರುವಷ್ಟರಲ್ಲಿ ಕೆಳಗೆ ಅಪಾಯದ ಮಟ್ಟ ದಾಟಿರಬಹುದು. ನೆಲದಿಂದ 15–30 ಸೆಂ.ಮೀ. ಎತ್ತರದಲ್ಲಿ, ಸಿಲಿಂಡರಿನಿಂದ 1–3 ಮೀಟರ್ ದೂರದಲ್ಲಿ ಹೊಸ ಪಾಯಿಂಟ್ ಹಾಕಿಸಿ. ಇನ್ನೂ ಕೆಳಗಾದರೆ ನೆಲ ತೊಳೆಯುವಾಗ ನೀರು ಸಿಡಿಯುತ್ತದೆ. ಅಕ್ಕಿ ಮೂಟೆಯ ಹಿಂದೆ, ಕಿಟಕಿ ಗಾಳಿ ನೇರ ಬೀಸುವಲ್ಲಿ ಬೇಡ. ಕರೆಂಟ್ ಹೋದಾಗಲೂ ಕೆಲಸ ಮಾಡುವಂತೆ ಯುಪಿಎಸ್ ಲೈನಿಗೆ ಕೊಡಿಸಿ. ತುಮಕೂರಿನಲ್ಲಿ ಪೈಪ್ ಗ್ಯಾಸ್ ಪಡೆದವರಿಗೆ ಲೆಕ್ಕ ತಿರುಗುಮುರುಗು: ಆ ಅನಿಲ ಮುಖ್ಯವಾಗಿ ಮೀಥೇನ್, ಗಾಳಿಗಿಂತ ಹಗುರ, ಆದ್ದರಿಂದ ಡಿಟೆಕ್ಟರ್ ಸೂರಿನಿಂದ 30 ಸೆಂ.ಮೀ. ಒಳಗಿರಬೇಕು.

ಡಿಟೆಕ್ಟರ್ ಕೂಗಿದರೆ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಬಂದು ಸಿಲಿಂಡರ್ ಗ್ಯಾಸಿನ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಗೀಸರಿನದು ಬೇರೆಯೇ ವಿಷ. ಮುಚ್ಚಿದ ಬಚ್ಚಲಲ್ಲಿ ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ದಯವಿಟ್ಟು ಗೀಸರನ್ನು ಮನೆಯ ಹೊರಗೋಡೆಗೆ, ಗಾಳಿಯಾಡುವಲ್ಲಿಗೆ ಸಾಗಿಸಿ, ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಡಿಟೆಕ್ಟರ್ ಅದಕ್ಕೆ ಬದಲಿಯಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ರೇಷ್ಮೆ ಹುಳುಮನೆಗೆ ಇದ್ದಿಲು ಒಲೆ ಇಡುತ್ತೇವೆ. ಹೊಗೆ ಹೋಗುವವರೆಗೆ ಹೊರಗೆ ಉರಿಸಿಯೇ ಒಳಗೆ ತರುತ್ತೇವೆ. ಆದರೂ ಡಿಟೆಕ್ಟರ್ ಬೇಕೆ?
– ಓದುಗರು, ಶಿಡ್ಲಘಟ್ಟ

ಉತ್ತರ: ಬೇಕೇ ಬೇಕು. ಹೊಗೆಯಿಲ್ಲದ ಕೆಂಪು ಕೆಂಡವೇ ಧಾರಾಳವಾಗಿ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದರ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ, ಆದ್ದರಿಂದ ಕೋಣೆಯಿಡೀ ಬೆರೆಯುತ್ತದೆ. ಅದಕ್ಕೆಂದೇ ಇರುವ ಡಿಟೆಕ್ಟರನ್ನು ನೆಲದಿಂದ ಸುಮಾರು 1.5 ಮೀಟರ್ ಎತ್ತರಕ್ಕೆ, ಒಲೆಯಿಂದ 2–3 ಮೀಟರ್ ದೂರಕ್ಕೆ ಹಾಕಿ. ರಾತ್ರಿ ಪಕ್ಕದ ಕೋಣೆಯಲ್ಲಿ ಮಲಗುವವರಿದ್ದರೆ ಅಲ್ಲಿಗೂ ಒಂದು, ತಲೆದಿಂಬಿನ ಎತ್ತರಕ್ಕೆ. ಸೋಂಕು ನಿವಾರಣೆಗೆ ಫಾರ್ಮಲಿನ್ ಸಿಂಪಡಿಸುವಾಗ, ಸುಣ್ಣ ಉದುರಿಸುವಾಗ ತೆಗೆದಿಡಿ, ಸೆನ್ಸರ್ ಕೆಡುತ್ತದೆ. ಚಾಕಿ (ಎಳೆ ಹುಳು) ಕೋಣೆಯ ತೇವಕ್ಕೆ ತಡೆಯುವಂಥದ್ದೇ ಎಂದು ಪೆಟ್ಟಿಗೆ ಮೇಲೆ ಓದಿ ಕೊಳ್ಳಿ. ಟೆಸ್ಟ್ ಗುಂಡಿ ಒತ್ತಿದರೆ ಕೂಗುವುದು ಬಜರ್ ಸರಿಯಿದೆ ಎಂದಷ್ಟೇ ಹೇಳುತ್ತದೆ. ಹಿಂಬದಿಯಲ್ಲಿ ಅಚ್ಚಾದ ಅವಧಿ ಮುಗಿದರೆ ಡಿಟೆಕ್ಟರನ್ನೇ ಬದಲಿಸಬೇಕು.

ಹುಳುಮನೆಯಲ್ಲಿ ತಲೆನೋವು, ವಾಕರಿಕೆ ಬಂದು ಹೊರಗೆ ಬಂದರೆ ಕಡಿಮೆಯಾಗುತ್ತಿದ್ದರೆ, ಅದನ್ನು ಆಯಾಸ ಅನ್ನಬೇಡಿ. ಒಲೆ ಹೊರಗಿಡಿ, ಕಿಟಕಿ ತೆರೆಯಿರಿ, ಪ್ರಜ್ಞೆ ತಪ್ಪಿದವರಿದ್ದರೆ ಹೊರಗೆಳೆದು 108ಕ್ಕೆ ಕರೆ ಮಾಡಿ.