ಗಿರಾಕಿಗೊಂದು ದರವಿದ್ದರೆ ಟ್ಯಾಲಿಯಲ್ಲಿ ಬಿಲ್ ಹೇಗೆ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕಂಪ್ಯೂಟರ್, ಪ್ರಿಂಟರ್ ಹಾಗೂ ಸಿಸಿಟಿವಿ ದುರಸ್ತಿಯ ಸಣ್ಣ ಅಂಗಡಿ ನಡೆಸುತ್ತಿದ್ದೇನೆ. ಧಾರವಾಡದ ಎರಡು ಕಾಲೇಜುಗಳು ವರ್ಷದ ಕರಾರಿನ ಮೇಲೆ ಗಂಟೆಗೆ 450 ರೂಪಾಯಿ ಕೊಡುತ್ತವೆ. ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಗಳ ಜೊತೆ ತೆರಿಗೆ ಹಿಡಿದು 500 ಎಂದು ಬಾಯಿಮಾತಾಗಿದೆ. ಕರಾರಿಲ್ಲದೆ ಕರೆಯುವವರಿಗೆ 600. ರವಿವಾರ ಅಥವಾ ರಾತ್ರಿ ಹೋದರೆ ದರ ಹೆಚ್ಚು. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಪ್ರೈಮ್‌ನಲ್ಲಿ ‘ಸರ್ವಿಸ್ ಚಾರ್ಜ್’ ಎಂಬ ಒಂದೇ ಲೆಡ್ಜರ್ (ಖಾತೆ) ಇದ್ದು, ಮೊತ್ತವನ್ನು ಕೈಯಿಂದಲೇ ತುಂಬುತ್ತೇವೆ. ಹಿಂದಿನ ತಿಂಗಳು ಲೆಕ್ಕದ ಹುಡುಗ ಒಂದು ಕಾಲೇಜಿಗೆ 14 ಗಂಟೆಗಳ ಬಿಲ್ಲನ್ನು 600ರ ದರದಲ್ಲಿ ಕಳಿಸಿಬಿಟ್ಟಿದ್ದಾನೆ. ಹೆಸರು ಆರಿಸಿದ ಕೂಡಲೇ ಆಯಾ ಗಿರಾಕಿಯ ದರ ತಾನಾಗಿ ಬರುವಂತೆ ಮಾಡಬಹುದೇ? ಆಗಿಹೋದ ತಪ್ಪನ್ನು ಸರಿಪಡಿಸುವುದು ಹೇಗೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮಾಡಬಹುದು. ಆದರೆ ಟ್ಯಾಲಿಯಲ್ಲಿ ‘ಪ್ರೈಸ್ ಲೆವೆಲ್’ (ಗಿರಾಕಿಗಳ ಗುಂಪಿಗೊಂದು ದರ) ಎಂಬ ಸೌಲಭ್ಯವಿರುವುದು ಸ್ಟಾಕ್ ಐಟಂಗಳಿಗೇ (ದಾಸ್ತಾನಿನ ಸರಕುಗಳಿಗೇ) ಹೊರತು ಲೆಡ್ಜರ್‌ಗಳಿಗಲ್ಲ. ನೀವು ದುಡಿಮೆಯನ್ನು ಲೆಡ್ಜರ್ ಮೂಲಕ ಬಿಲ್ ಮಾಡುತ್ತಿರುವವರೆಗೂ ದರ ನೆನಪಿಡುವ ಹೊಣೆ ನಿಮ್ಮ ಹುಡುಗನ ಮೇಲೆಯೇ ಇರುತ್ತದೆ. ಆದ್ದರಿಂದ ಮೊದಲು ಆ ದುಡಿಮೆಯನ್ನೇ ಒಂದು ಸ್ಟಾಕ್ ಐಟಂ ಆಗಿ ತೆರೆದು, ಜಿಎಸ್‌ಟಿ ವಿವರದಲ್ಲಿ ಪೂರೈಕೆಯ ಬಗೆಯನ್ನು ‘ಸರ್ವಿಸಸ್’ ಎಂದು ಆರಿಸಿ, ಎಸ್‌ಎಸಿ ಸಂಕೇತ (ಸೇವೆಯ ಬಗೆ ಸೂಚಿಸುವ ಸಂಖ್ಯೆ) ಮತ್ತು ಶೇ 18ರ ತೆರಿಗೆಯನ್ನು ಅಲ್ಲಿಯೇ ನಮೂದಿಸಬೇಕು. ಕೊಳ್ಳದೆ ಮಾರುತ್ತಲೇ ಹೋಗುವ ಐಟಂ ಇದಾದ್ದರಿಂದ ಸ್ಟಾಕ್ ಪಟ್ಟಿಯಲ್ಲಿ ಗಂಟೆಗಳು ಮೈನಸ್‌ನಲ್ಲಿ ಕಾಣಿಸುತ್ತವೆ; ಐಟಂನಲ್ಲಿ ‘ಟ್ರೀಟ್ ಆಲ್ ಸೇಲ್ಸ್ ಆಸ್ ನ್ಯೂ ಮ್ಯಾನುಫ್ಯಾಕ್ಚರ್’ ಎಂಬುದಕ್ಕೆ ‘ಯೆಸ್’ ಕೊಟ್ಟರೆ ಆ ತೊಡಕು ಇರುವುದಿಲ್ಲ.

ಗಂಟೆಯ ಯೂನಿಟ್ ತೆರೆಯುವಾಗ ಎರಡು ದಶಮಾಂಶ ಸ್ಥಾನಗಳನ್ನು ಕೊಡಿ ಮತ್ತು ಹುಡುಗನಿಗೆ ಒಂದು ಮಾತು ಸ್ಪಷ್ಟವಾಗಿ ತಿಳಿಸಿ: ಒಂದೂವರೆ ಗಂಟೆ ಎಂದರೆ 1.50, 1.30 ಅಲ್ಲ. ಗಡಿಯಾರ ನೋಡಿ 1.30 ಎಂದು ತುಂಬಿದರೆ 600ರ ದರದಲ್ಲಿ 900 ಬರಬೇಕಾದಲ್ಲಿ 780 ಬರುತ್ತದೆ. ಈ ತಪ್ಪು ಬಿಲ್ಲಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಗಿರಾಕಿಯಂತೂ ಹೇಳುವುದಿಲ್ಲ.

ಇನ್ನು ಎಫ್11 ಒತ್ತಿ ‘ಮಲ್ಟಿಪಲ್ ಪ್ರೈಸ್ ಲೆವೆಲ್ಸ್’ ಚಾಲೂ ಮಾಡಿ, ಕರಾರು, ಎಪಿಎಂಸಿ, ಬಿಡಿ (ಕರಾರಿಲ್ಲದವರು) ಎಂದು ಮೂರು ಲೆವೆಲ್‌ಗಳನ್ನು ತೆರೆಯಿರಿ. ಪ್ರತಿಯೊಬ್ಬ ಗಿರಾಕಿಯ ಹೆಸರಿನಲ್ಲಿ ಒಂದೊಂದು ಲೆವೆಲ್ ತೆರೆಯುವ ಆಸೆ ಬರುವುದು ಸಹಜವಾದರೂ ಅದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ದರ ಏರಿಸುವ ದಿನ ನಲವತ್ತು ಪಟ್ಟಿಗಳನ್ನು ತಿದ್ದಲು ಕುಳಿತಾಗ ಒಂದೆರಡು ತಪ್ಪಿಯೇ ತಪ್ಪುತ್ತವೆ. ಬಳಿಕ ಪ್ರೈಸ್ ಲಿಸ್ಟ್‌ನಲ್ಲಿ ಪ್ರತಿ ಲೆವೆಲ್‌ಗೂ ದರ ತುಂಬಿ, ಗಿರಾಕಿಯ ಲೆಡ್ಜರ್‌ನಲ್ಲಿ ಅವರ ಲೆವೆಲ್ ನಮೂದಿಸಿ; ಆ ಸಾಲು ಕಾಣದಿದ್ದರೆ ಎಫ್12ರಲ್ಲಿ ಅದನ್ನು ತೆರೆಯಬೇಕಾಗುತ್ತದೆ. ಆಮೇಲೆ ಸೇಲ್ಸ್ ವೋಚರ್ ಅನ್ನು ‘ಐಟಂ ಇನ್‌ವಾಯ್ಸ್’ ರೂಪದಲ್ಲಿ ತೆಗೆದು ಕಾಲೇಜಿನ ಹೆಸರು ಆರಿಸಿದರೆ 450 ತಾನೇ ಬಂದು ಕೂರುತ್ತದೆ.

ಎಪಿಎಂಸಿ ದರದಲ್ಲಿ ಮಾತ್ರ ಎಚ್ಚರ ವಹಿಸಬೇಕು. ಪ್ರೈಸ್ ಲಿಸ್ಟ್‌ನಲ್ಲಿ 500 ಎಂದು ತುಂಬಿದರೆ ಅದರ ಮೇಲೆ ತೆರಿಗೆ ಕೂಡಿ ಬಿಲ್ 590 ಆಗುತ್ತದೆ, ದಲಾಲಿ ಅಂಗಡಿಯವರು ಮಾತು ತಪ್ಪಿದಿರಿ ಎಂದು ಜಗಳಕ್ಕೇ ಬರುತ್ತಾರೆ. ತೆರಿಗೆ ಹಿಡಿದು 500 ಎಂಬ ಮಾತು ಉಳಿಯಬೇಕಾದರೆ ಅಲ್ಲಿ ತುಂಬಬೇಕಾದ ದರ 423.73. ಅಂದರೆ ನಿಮಗೆ ಉಳಿಯುವ ಗಂಟೆಯ ದುಡಿಮೆ ಕಾಲೇಜಿನ ಕರಾರಿಗಿಂತಲೂ ಕಡಿಮೆ ಎಂಬುದನ್ನು ಈ ನೆಪದಲ್ಲಾದರೂ ಗಮನಿಸಿ.

ರವಿವಾರ ಮತ್ತು ರಾತ್ರಿಯ ದರಕ್ಕೆ ಹಲವರು ನಾಲ್ಕನೆಯ ಲೆವೆಲ್ ತೆರೆದು ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು ವೋಚರ್‌ಗೆ ಒಂದೇ ಲೆವೆಲ್ ಅನ್ವಯಿಸುತ್ತದೆ. ಒಂದೇ ಕಾಲೇಜಿನ ತಿಂಗಳ ಬಿಲ್ಲಿನಲ್ಲಿ ಆರು ಗಂಟೆ ವಾರದ ದಿನದ ಕೆಲಸವೂ ಎರಡು ಗಂಟೆ ರವಿವಾರದ ಕೆಲಸವೂ ಇದ್ದರೆ ಆ ಉಪಾಯ ನಡೆಯುವುದಿಲ್ಲ. ಗಿರಾಕಿ ಯಾರು ಎಂಬುದನ್ನು ಲೆವೆಲ್ ಹೇಳಲಿ, ಕೆಲಸ ಎಂಥದ್ದು ಎಂಬುದನ್ನು ಐಟಂ ಹೇಳಲಿ. ‘ದುರಸ್ತಿ – ರವಿವಾರ, ರಾತ್ರಿ’ ಎಂಬ ಇನ್ನೊಂದು ಐಟಂ ತೆರೆದು ಮೂರೂ ಲೆವೆಲ್‌ಗಳಲ್ಲಿ ಅದಕ್ಕೆ ದರ ಕೊಟ್ಟರೆ ಎರಡು ಬಗೆಯ ಕೆಲಸವೂ ಒಂದೇ ಬಿಲ್ಲಿನಲ್ಲಿ ಎರಡು ಸಾಲುಗಳಾಗಿ ಬರುತ್ತದೆ, ವರ್ಷದ ಕೊನೆಗೆ ರಜೆಯ ದಿನದ ದುಡಿಮೆ ಎಷ್ಟಾಯಿತೆಂಬುದೂ ಬೇರೆಯಾಗಿ ಸಿಗುತ್ತದೆ.

ದರ ಬದಲಿಸುವಾಗ ಹಳೆಯ ಅಂಕಿಯನ್ನು ಅಳಿಸಬೇಡಿ. ಹೊಸ ದರವನ್ನು ಅದು ಜಾರಿಗೆ ಬರುವ ದಿನಾಂಕದೊಂದಿಗೆ ತುಂಬಿದರೆ ಹಳೆಯದು ಹಾಗೆಯೇ ಉಳಿಯುತ್ತದೆ. ಆದರೆ ಟ್ಯಾಲಿ ನೋಡುವುದು ಬಿಲ್ಲಿನ ದಿನಾಂಕವನ್ನು, ಕೆಲಸ ಮಾಡಿದ ದಿನವನ್ನಲ್ಲ. ಮಾರ್ಚ್ 28ರಂದು ಗದಗಿನ ಮುದ್ರಣಾಲಯವೊಂದಕ್ಕೆ ಹೋಗಿ ಮಾಡಿದ ಕೆಲಸಕ್ಕೆ ಏಪ್ರಿಲ್ 3ರಂದು ಬಿಲ್ ಬರೆದರೆ ಏಪ್ರಿಲ್‌ನ ಹೊಸ ದರವೇ ಬರುತ್ತದೆ. ಮಾರ್ಚ್ 31ರೊಳಗೆ ಬಾಕಿ ಬಿಲ್ಲುಗಳನ್ನೆಲ್ಲ ಬರೆದು ಮುಗಿಸುವುದು ಮೇಲು. ಆಗದಿದ್ದರೆ ಅಂಥ ಬಿಲ್ಲುಗಳಲ್ಲಿ ದರವನ್ನು ಕೈಯಿಂದ ತಿದ್ದಬೇಕು.

ಕಾಲೇಜಿಗೆ ಹೋದ ತಪ್ಪು ಬಿಲ್ ನಿಮ್ಮ ಜಿಎಸ್‌ಟಿಆರ್-1ರಲ್ಲಿ (ಮಾರಾಟದ ವಿವರ ಸಲ್ಲಿಸುವ ರಿಟರ್ನ್) ಸೇರಿಹೋಗಿದ್ದರೆ ಟ್ಯಾಲಿಯಲ್ಲಿ ಅದನ್ನು ತಿದ್ದಬಾರದು, ತಿದ್ದಿದರೆ ನಿಮ್ಮ ಪುಸ್ತಕಕ್ಕೂ ರಿಟರ್ನ್‌ಗೂ ತಾಳೆಯಾಗುವುದಿಲ್ಲ. ಗಂಟೆಗೆ 150ರಂತೆ 14 ಗಂಟೆಗೆ 2,100 ರೂಪಾಯಿ, ಅದರ ತೆರಿಗೆ 378, ಒಟ್ಟು 2,478 ರೂಪಾಯಿಗೆ ಮೂಲ ಬಿಲ್ಲಿನ ಸಂಖ್ಯೆ ನಮೂದಿಸಿ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ತಗ್ಗಿಸುವ ಪತ್ರ) ಕೊಡಿ. ತೆರಿಗೆ ಕಡಿತ ಸಿಗಬೇಕಾದರೆ ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ, ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸಿದ್ದರೆ ಅದರೊಳಗೆ, ಆ ನೋಟನ್ನು ರಿಟರ್ನ್‌ನಲ್ಲಿ ತೋರಿಸಬೇಕು. ಕಡಿಮೆ ದರದಲ್ಲಿ ಹೋದ ಬಿಲ್ಲುಗಳೂ ಇದ್ದರೆ ಅವಕ್ಕೆ ಡೆಬಿಟ್ ನೋಟ್ (ಮೊತ್ತ ಹೆಚ್ಚಿಸುವ ಪತ್ರ) ಕೊಡಬೇಕಾಗುತ್ತದೆ; ಎರಡನ್ನೂ ಒಂದಕ್ಕೊಂದು ವಜಾ ಮಾಡಿ ಒಂದೇ ನೋಟಿನಲ್ಲಿ ಮುಗಿಸಲು ಹೋಗಬೇಡಿ.