ಕೀರ್ ಎನ್ನುವ ಚೀಸು ಮತ್ತು ಸ್ಟೇಟ್ ಸ್ಟ್ರೀಟಿನ ಸಂಜೆಗಳು

ಹಾಲು, ಮೊಸರು, ತುಪ್ಪದ ಪ್ರಶ್ನೆಗಳಿಗೆ ಉತ್ತರಿಸುವುದು ಈ ಅಂಕಣದ ಕೆಲಸ. ಪನೀರು ಬಿಸಿಗೆ ಏಕೆ ಕರಗುವುದಿಲ್ಲ ಎಂದು ಒಬ್ಬರು ಕೇಳಿದ್ದಕ್ಕೆ ಕಳೆದ ಸಂಚಿಕೆಯಲ್ಲಿ ಉತ್ತರ ಬರೆಯುತ್ತ, ‘ಈ ಪಾಠವನ್ನು ನಾನು ಕಲಿತದ್ದು ಅಮೆರಿಕದ ಮ್ಯಾಡಿಸನ್ನಿನ ಒಂದು ಬಾರಿನಲ್ಲಿ’ ಎಂದು ಬಾಯಿತಪ್ಪಿ ಹೇಳಿಬಿಟ್ಟಿದ್ದೆ. ಈ ಬಾರಿ ಬಂದದ್ದೆಲ್ಲ ಬಾರಿನ ಪ್ರಶ್ನೆಗಳೇ. ತುಪ್ಪ ಮರಳುಮರಳಾಗುವುದಿಲ್ಲ ಎಂದು ಬರೆದ ದಾವಣಗೆರೆಯವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಬೇಕು.

ಪ್ರಶ್ನೆ: ನನ್ನ ಮಗಳಿಗೆ ನೀವು ಓದಿದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲೇ ಸೀಟು ಸಿಕ್ಕಿದೆ. ಅಲ್ಲಿ ಕಾಲೇಜಿನ ಬಾಗಿಲಿಗೇ ಬಾರುಗಳ ಬೀದಿ ಇದೆಯಂತೆ. ನಮ್ಮಲ್ಲಾದರೆ ಕಾಲೇಜಿನಿಂದ ನೂರು ಮೀಟರ್ ಒಳಗೆ ಮದ್ಯದಂಗಡಿ ಇಡುವಂತಿಲ್ಲ. ಹೆದರಬೇಕೇ? (ಗೃಹಿಣಿ, ಶಿವಮೊಗ್ಗ)

ಹೆದರಬೇಡಿ ತಾಯಿ. ನಿಮ್ಮ ಮಗಳಿಗೆ 21 ತುಂಬಿಲ್ಲದಿದ್ದರೆ ಅಲ್ಲಿನ ಬಾರಿನವರು ಒಂದು ಗುಟುಕು ಬಿಯರನ್ನೂ ಕೊಡುವುದಿಲ್ಲ. ನೀವೇ ಪಕ್ಕದಲ್ಲಿ ಕುಳಿತು ಕೊಡಿಸಿದರೆ ಮಾತ್ರ ಕೊಡಬಹುದು. ತಂದೆತಾಯಿ ಜೊತೆಗಿದ್ದರೆ ಅಡ್ಡಿಯಿಲ್ಲ ಎನ್ನುವುದು ಆ ರಾಜ್ಯದ ವಿಚಿತ್ರ ಕಾನೂನು. ಆ ಪ್ರಯೋಗಕ್ಕೆ ನೀವು ಇಳಿಯಲಾರಿರಿ ಎಂದುಕೊಂಡಿದ್ದೇನೆ.

ನಾನು ಹೋದಾಗ ಮಾತ್ರ ಹೀಗಿರಲಿಲ್ಲ. 1981ರ ಆಗಸ್ಟಿನಲ್ಲಿ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಿಂದ ನೇರವಾಗಿ ಮ್ಯಾಡಿಸನ್ನಿಗೆ ಹೋಗಿ ಇಳಿದವನಿಗೆ ಇಪ್ಪತ್ನಾಲ್ಕು ವರ್ಷ. ಆ ಊರಿನಲ್ಲಿ ದಾರಿ ತಪ್ಪುವುದು ಕಷ್ಟ. ಮೆಂಡೋಟಾ, ಮೊನೋನಾ ಎಂಬ ಎರಡು ಸರೋವರಗಳ ನಡುವಿನ ನೆಲದ ಪಟ್ಟಿಯ ಮೇಲೆ ಪೇಟೆ ಕುಳಿತಿದೆ. ಒಂದು ತುದಿಗೆ ರಾಜ್ಯದ ಶಾಸನಸಭೆಯ ಬಿಳಿ ಗುಮ್ಮಟ, ಇನ್ನೊಂದು ತುದಿಗೆ ವಿಶ್ವವಿದ್ಯಾಲಯದ ಬಾಸ್ಕಮ್ ಗುಡ್ಡ. ಎರಡನ್ನೂ ಜೋಡಿಸುವುದು ಒಂದು ಮೈಲಿಯೂ ಇಲ್ಲದ ಸ್ಟೇಟ್ ಸ್ಟ್ರೀಟ್. ಖಾಸಗಿ ಕಾರುಗಳನ್ನು ಎಪ್ಪತ್ತರ ದಶಕದಲ್ಲೇ ಅಲ್ಲಿಂದ ಹೊರಗಟ್ಟಿದ್ದರು. ಬಸ್ಸು, ಸೈಕಲ್ಲು, ಕಾಲ್ನಡಿಗೆ, ಇಷ್ಟೇ. ಕಾನೂನು ಮಾಡುವವರು ಆ ತುದಿಯಿಂದ, ಮುರಿಯುವವರು ಈ ತುದಿಯಿಂದ ನಡೆದು ಬಂದು ನಡುವೆ ಒಂದೇ ಬೆಂಚಿನಲ್ಲಿ ಕೂರುತ್ತಾರೆ ಎಂದು ನಮ್ಮ ಪ್ರಯೋಗಾಲಯದ ಹಿರಿಯ ಹುಡುಗರು ಹೇಳುತ್ತಿದ್ದರು.

ನನ್ನ ಸೋದರಮಾವ ಘಟ್ಟದ ಮೇಲೆ ಬಾರ್ ಅಂಡ್ ರೆಸ್ಟೋರೆಂಟ್ ನಡೆಸುತ್ತಿದ್ದರು. ಬೇಸಗೆ ರಜೆಯಲ್ಲಿ ಅವರ ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ಚಿಲ್ಲರೆ ಎಣಿಸಿಕೊಟ್ಟವನು ನಾನು. ಅಲ್ಲಿ ಮಧ್ಯಾಹ್ನವೂ ಕತ್ತಲೆ. ಬಾಗಿಲಿಗೆ ಮಣಿಯ ಪರದೆ, ಒಳಗೆ ಕೆಂಪು ಬಲ್ಬು, ಲಕ್ಷ್ಮಿಯ ಪಟದ ಮುಂದೆ ಊದುಬತ್ತಿ. ಗಿರಾಕಿ ಬಾಗಿಲಿಗೆ ಬೆನ್ನು ಹಾಕಿಯೇ ಕೂರುತ್ತಿದ್ದ. ಊರಿನವರು ಯಾರಾದರೂ ಕಂಡಾರು ಎಂಬ ಭಯ. ಅಂಥ ಬಾರನ್ನು ಕಂಡವನಿಗೆ ಸ್ಟೇಟ್ ಸ್ಟ್ರೀಟಿನಲ್ಲಿ ಮೊದಲು ಬೆರಗು ಹುಟ್ಟಿಸಿದ್ದು ಬಿಯರಲ್ಲ, ಕಿಟಕಿ. ಇಡೀ ಗೋಡೆಯೇ ಗಾಜು. ಒಳಗಿರುವವರು ಬೀದಿಗೆ ಮುಖಮಾಡಿ ಕೂರುತ್ತಿದ್ದರು; ಹೋಗುವವರಿಗೆ ಕೈ ಬೀಸಿ ಒಳಕ್ಕೆ ಕರೆಯುತ್ತಿದ್ದರು. ಕಿಟಕಿಯ ಪಕ್ಕದ ಮೇಜು ಹಿಡಿಯಲು ಸಂಜೆ ನಾಲ್ಕಕ್ಕೇ ಒಬ್ಬನನ್ನು ಮುಂದಾಗಿ ಕಳಿಸುತ್ತಿದ್ದೆವು.

ಚಳಿಗಾಲದಲ್ಲಿ ಆ ಬೀದಿ ಬೇರೆಯೇ. 1982ರ ಜನವರಿಯಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿಗೂ ಕೆಳಗಿನ ಚಳಿಯಲ್ಲಿ, ಮೂಗಿನೊಳಗಿನ ಕೂದಲು ಸೆಟೆದುಕೊಳ್ಳುವ ಹೊತ್ತಿನಲ್ಲಿ ನಡೆದು ಬಂದು ಬಾರಿನ ಬಾಗಿಲು ತಳ್ಳಿದರೆ, ಒಳಗಿನ ಬಿಸಿಗೆ ನನ್ನ ಕನ್ನಡಕ ತಕ್ಷಣ ಮಂಜಾಗುತ್ತಿತ್ತು. ಏನೂ ಕಾಣುವುದಿಲ್ಲ. ಹುರಿದ ಈರುಳ್ಳಿ, ಸಿಗರೇಟು, ಒದ್ದೆ ಉಣ್ಣೆಯ ವಾಸನೆ, ಯಾವುದೋ ಮೂಲೆಯಿಂದ ಜೂಕ್‌ಬಾಕ್ಸಿನ ಹಾಡು. ನಾನು ಬಾಗಿಲಲ್ಲೇ ಕುರುಡನಂತೆ ನಿಂತಿರುತ್ತಿದ್ದೆ. ಯಾರಾದರೂ ಹೆಸರು ಹಿಡಿದು ಕೂಗಿದರೆ ಆ ದನಿಯ ಕಡೆಗೆ ಹೆಜ್ಜೆ. ಈ ಬೀದಿ ನೆನಪಾದಾಗ ನನ್ನ ತಲೆಯಲ್ಲಿ ಮೊದಲು ಬರುವುದು ನೋಟವಲ್ಲ, ಆ ಕೂಗು.

ವಯಸ್ಸಿನ ವಿಷಯಕ್ಕೆ ಬರುತ್ತೇನೆ. ಹದಿನೆಂಟರ ಹುಡುಗನನ್ನು ವಿಯೆಟ್ನಾಮಿಗೆ ಕಳಿಸಬಹುದಾದರೆ ಗ್ಲಾಸು ಕೊಡುವುದಕ್ಕೇನು ಎಂಬ ವಾದ ಗೆದ್ದ ಕಾಲದಲ್ಲಿ, 1972ರಲ್ಲಿ, ವಿಸ್ಕಾನ್ಸಿನ್ ಎಲ್ಲ ಮದ್ಯಕ್ಕೂ ವಯಸ್ಸನ್ನು 18ಕ್ಕೆ ಇಳಿಸಿತ್ತು. ನಾನು ಕಂಡದ್ದು ಆ ಉದಾರ ಕಾಲದ ಕೊನೆಯ ದಿನಗಳನ್ನು. ಮೊದಲ ವರ್ಷದ ವಿದ್ಯಾರ್ಥಿ, ನನ್ನಂಥ ಸಂಶೋಧಕ, ಪ್ರೊಫೆಸರು, ಮೂವರೂ ಒಂದೇ ಜಗ್ಗಿನಿಂದ ಬಗ್ಗಿಸಿಕೊಳ್ಳುತ್ತಿದ್ದರು. 1984ರ ಜುಲೈನಲ್ಲಿ ವಯಸ್ಸು 19 ಆಯಿತು. ಅದೇ ತಿಂಗಳು ರೇಗನ್ ಸಹಿ ಹಾಕಿದ ಕಾನೂನು, 21ಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿ ಅನುದಾನದಲ್ಲಿ ಶೇಕಡಾ 10ರವರೆಗೆ ಕಡಿತ ಎಂದಿತು. ಬಿಯರಿನ ರಾಜ್ಯ ಸ್ವಲ್ಪ ಗೊಣಗಿ, ರಸ್ತೆಯ ದುಡ್ಡು ಬಿಡಲಾರದೆ ಒಪ್ಪಿತು. 1986ರ ಸೆಪ್ಟೆಂಬರ್ 1ರಿಂದ ಜಾರಿ. ಆ ದಿನಕ್ಕೆ 19 ತುಂಬಿದ್ದವರಿಗೆ ವಿನಾಯಿತಿ. ನನ್ನ ಪ್ರಯೋಗಾಲಯದ ತರಗತಿಯಲ್ಲಿ ಇಬ್ಬರು ಜೀವದ ಗೆಳೆಯರಿದ್ದರು. ಒಬ್ಬನಿಗೆ ಆಗಸ್ಟಿನಲ್ಲಿ 19 ತುಂಬಿತ್ತು, ಇನ್ನೊಬ್ಬನಿಗೆ ಅಕ್ಟೋಬರಿನಲ್ಲಿ ತುಂಬಬೇಕಿತ್ತು. ಒಬ್ಬ ಒಳಗೆ, ಇನ್ನೊಬ್ಬ ಎರಡು ವರ್ಷ ಹೊರಗೆ. ಆ ಚಳಿಗಾಲದಲ್ಲಿ ಅವರಿಬ್ಬರೂ ಬೀದಿಗೇ ಬರುವುದನ್ನು ಬಿಟ್ಟು, ಯಾರದೋ ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಕುಡಿಯತೊಡಗಿದರು ಎಂದು ಕೇಳಿದೆ. ರಸ್ತೆ ಅಪಘಾತಗಳನ್ನು ತಗ್ಗಿಸಲು ಬಂದ ಕಾನೂನು. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೆ ಪ್ರೊಫೆಸರು ಮತ್ತು ಹದಿನೆಂಟರ ಹುಡುಗ ಒಂದೇ ಮೇಜಿನಲ್ಲಿ ಕೂರುವುದು ಅಲ್ಲಿಗೆ ನಿಂತಿತು. ಬೀದಿ ನನ್ನ ಕಣ್ಣೆದುರೇ ಎರಡಾಯಿತು.

ಪ್ರಶ್ನೆ: ನೀವು ಕುಡಿಯುತ್ತಿದ್ದಿರಾ? ಸುತ್ತಿಬಳಸದೆ ಹೇಳಿ. (ನಿವೃತ್ತ ಶಿಕ್ಷಕ, ತುಮಕೂರು)

ಕುಡಿಯುತ್ತಿದ್ದೆ ಮೇಷ್ಟ್ರೇ. ಆದರೆ ಕುಡಿದದ್ದಕ್ಕಿಂತ ತೊಳೆದದ್ದು ಹೆಚ್ಚು.

ವಿದೇಶಿ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ಒಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದಿತ್ತು. ಸ್ಟೇಟ್ ಸ್ಟ್ರೀಟ್ ಮುಗಿಯುವಲ್ಲಿ, ಮೆಂಡೋಟಾದ ದಡದಲ್ಲಿ, 1928ರಲ್ಲಿ ತೆರೆದ ವಿದ್ಯಾರ್ಥಿ ಭವನವಿದೆ. ಮೆಮೋರಿಯಲ್ ಯೂನಿಯನ್ ಎಂದು ಹೆಸರು. ಅದರೊಳಗೆ ಜರ್ಮನ್ ಮಾದರಿಯ ಕಮಾನುಗಳ, ಗೋಡೆಚಿತ್ರಗಳ ಮಬ್ಬು ಹಜಾರ, ರಾಟ್‌ಸ್ಕೆಲರ್. ಪಾನನಿಷೇಧ ಸಡಿಲಾದ 1933ರಿಂದಲೂ ಅಲ್ಲಿ ವಿಶ್ವವಿದ್ಯಾಲಯವೇ ಬಿಯರ್ ಮಾರುತ್ತ ಬಂದಿದೆ. ನಿಮ್ಮ ನೂರು ಮೀಟರ್ ನಿಯಮವನ್ನು ಅವರಿಗೆ ವಿವರಿಸುವುದು ಕಷ್ಟ. ಮೊದಲ ಎರಡು ವರ್ಷ ನಾನು ಅಲ್ಲಿ ಗ್ಲಾಸು ತೊಳೆದೆ.

ಬಿಯರ್ ಗ್ಲಾಸು ತೊಳೆಯುವುದು ಲೋಟ ತೊಳೆದಂತಲ್ಲ. ಜಿಡ್ಡಿನ ಎಳೆ ಉಳಿದರೂ ನೊರೆ ನಿಲ್ಲುವುದಿಲ್ಲ, ಬಿಯರು ಸತ್ತ ಮಜ್ಜಿಗೆಯಂತೆ ಕಾಣುತ್ತದೆ. ತುಟಿಯ ಬಣ್ಣವಂತೂ ಶನಿ. ನನಗೆ ಕೆಲಸ ಕಲಿಸಿದ ಮುದುಕ ತೊಳೆದ ಗ್ಲಾಸನ್ನು ಮತ್ತೆ ನೀರಲ್ಲಿ ಅದ್ದಿ, ಒಳಗೋಡೆಗೆ ಅಡುಗೆ ಉಪ್ಪು ಉದುರಿಸಿ, ದೀಪಕ್ಕೆ ಹಿಡಿಯುತ್ತಿದ್ದ. ಶುದ್ಧವಾಗಿದ್ದಲ್ಲಿ ಉಪ್ಪು ಸಮನಾಗಿ ಅಂಟುತ್ತದೆ, ಜಿಡ್ಡಿದ್ದಲ್ಲಿ ಬೋಳು. ನನ್ನ ಗ್ಲಾಸುಗಳಲ್ಲಿ ಮೊದಲ ವಾರ ಬರೀ ಬೋಳು ಭೂಪಟಗಳೇ. ಮುಂದೆ ಊರಿಗೆ ಬಂದು ಹಾಲು ಒಕ್ಕೂಟದಲ್ಲಿ ಕೆಲಸಕ್ಕೆ ಸೇರಿದಾಗ ಕ್ಯಾನುಗಳ ಶುದ್ಧಿಯ ಬಗ್ಗೆ ನಾನು ಹುಡುಗರಿಗೆ ಕೊಡುತ್ತಿದ್ದ ಕಾಟದ ಮೂಲ ಅಲ್ಲಿದೆ.

ಪನೀರಿನ ಪಾಠವೂ ಹೀಗೆಯೇ. ನನ್ನ ಗೈಡ್ ಶುಕ್ರವಾರ ಸಂಜೆ ಪ್ರಯೋಗಾಲಯದಲ್ಲಿ ಸಿಗುತ್ತಿರಲಿಲ್ಲ, ಬೀದಿಯಲ್ಲಿ ಸಿಗುತ್ತಿದ್ದರು. ಒಮ್ಮೆ ಹಿಟ್ಟಿನಲ್ಲಿ ಅದ್ದಿ ಕರಿದ ಚೀಸ್ ಗಟ್ಟಿಗಳನ್ನು ತರಿಸಿ, ಒಂದನ್ನು ಎರಡು ಬೆರಳಲ್ಲಿ ಎಳೆದು, ನೂಲಿನಂತೆ ಬಂದ ಎಳೆ ತೋರಿಸಿ, ‘ನಿಮ್ಮ ಪನೀರು ಹೀಗೆ ಬರುವುದಿಲ್ಲ, ಏಕೆ?’ ಎಂದರು. ನಾನು ತಡವರಿಸಿದೆ. ಗ್ಲಾಸಿನ ಕೆಳಗಿಡುವ ರಟ್ಟಿನ ಬಿಲ್ಲೆಯನ್ನು ತಿರುವಿ ಹಾಕಿ ಚಿತ್ರ ಬರೆದರು: ಹುಳಿ ಹಿಂಡಿ ಒಡೆದಾಗ ಪ್ರೋಟೀನುಗಳ ನಡುವಿನ ಸುಣ್ಣದಂಶ ಕರಗಿಹೋಗುತ್ತದೆ, ಪ್ರೋಟೀನುಗಳು ಒಂದನ್ನೊಂದು ಬಿಗಿಯಾಗಿ ತಬ್ಬಿಕೊಳ್ಳುತ್ತವೆ, ಬಿಸಿ ಮಾಡಿದರೆ ನೀರು ಹೋಗುತ್ತದೆಯೇ ಹೊರತು ಹಿಡಿತ ಸಡಿಲುವುದಿಲ್ಲ. ಆ ಬಿಲ್ಲೆ ಇನ್ನೂ ನನ್ನ ಕಡತದಲ್ಲಿದೆ. ಅದರ ಮುಂಭಾಗದಲ್ಲಿರುವುದು ಶ್ಲಿಟ್ಸ್ ಬಿಯರಿನ ಹೆಸರು. ಆ ಕಂಪನಿಯ ಮಿಲ್ವಾಕಿ ಕಾರ್ಖಾನೆ 1981ರಲ್ಲೇ ಮುಚ್ಚಿತ್ತು. ಬಾರುಗಳಲ್ಲಿ ಅದರ ನಿಯಾನ್ ಫಲಕಗಳೂ ಬಿಲ್ಲೆಗಳೂ ಇನ್ನೂ ಉಳಿದಿದ್ದವು.

ಪ್ರಶ್ನೆ: ಕುಂದಾಪುರದ ಮೀನು ತಿಂದ ನಾಲಿಗೆ ನಿಮ್ಮದು. ಅಲ್ಲಿ ಏನು ತಿಂದಿರಿ? (ಮುಂಬಯಿಯ ಓದುಗಿ)

ತಂಗೀ, ಇದು ನೋವಿನ ಪ್ರಶ್ನೆ.

ಶುಕ್ರವಾರ ರಾತ್ರಿ ವಿಸ್ಕಾನ್ಸಿನ್ನಿನ ಬಾರು, ಹೋಟೆಲುಗಳಲ್ಲಿ ಮೀನು ಕರಿಯುವುದು ಹೆಚ್ಚುಕಡಿಮೆ ವ್ರತವೇ. ಶುಕ್ರವಾರ ಮಾಂಸ ಬಿಡುವ ಕ್ಯಾಥೊಲಿಕ್ ಜರ್ಮನ್, ಪೋಲಿಷ್ ಮನೆಗಳಿಂದ ಬಂದ ರೂಢಿ. ಸುದ್ದಿ ಕೇಳಿ ನಾನು ಬೆಳಗಿನಿಂದ ಉಪವಾಸವಿದ್ದು ಹೋದೆ. ಬಂದದ್ದು ಕಾಡ್ ಮೀನು. ಮುಳ್ಳಿಲ್ಲ, ತಲೆಯಿಲ್ಲ, ಬಾಲವಿಲ್ಲ, ಚರ್ಮವಿಲ್ಲ. ಮೇಲೆ ಬಜ್ಜಿಯ ಕೋಟು ತೊಡಿಸಿದ್ದಾರೆ. ಪಕ್ಕಕ್ಕೆ ಕೋಸಿನ ಪಚ್ಚಡಿ, ರೈ ರೊಟ್ಟಿ, ನಿಂಬೆಹೋಳು. ಕಾಣೆಯನ್ನೂ ಬಂಗುಡೆಯನ್ನೂ ಮುಳ್ಳು ಬಿಡಿಸಿ ತಿಂದ ಕೈಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಮುಂದಿನ ವಾರದಿಂದ ಅಮ್ಮ ಕಟ್ಟಿಕೊಟ್ಟ ಮೆಣಸಿನ ಪುಡಿಯನ್ನು ಕ್ಯಾಮೆರಾ ರೀಲಿನ ಕಪ್ಪು ಡಬ್ಬಿಯಲ್ಲಿ ತುಂಬಿ ಜೇಬಿನಲ್ಲಿಟ್ಟು ಹೋಗತೊಡಗಿದೆ. ಒಂದು ದಿನ ಬಾರಿನವನು ಡಬ್ಬಿಯನ್ನು ಅನುಮಾನದಿಂದ ನೋಡಿ ಕೈಚಾಚಿದ. ಮೂಸಿದ, ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡ. ಒಂದು ನಿಮಿಷ ಮಾತಿಲ್ಲ. ಆಮೇಲೆ ತಾನೇ ಒಂದು ಜಗ್ಗು ಪುಕ್ಕಟೆ ತಂದಿಟ್ಟ. ಅರ್ಧ ಅವನೇ ಕುಡಿದ.

ಸರೋವರದ ಪರ್ಚ್ ಮೀನು ಸಿಕ್ಕ ದಿನ ಮಾತ್ರ ಡಬ್ಬಿ ತೆರೆಯುತ್ತಿರಲಿಲ್ಲ. ಅದು ನಿಜವಾಗಿಯೂ ಒಳ್ಳೆಯ ಮೀನು. ಅದರ ಜೊತೆಗೆ ಆ ರಾಜ್ಯದವರು ಬ್ರಾಂದಿಗೆ ಸಕ್ಕರೆ, ಕಿತ್ತಳೆ, ಚೆರ್ರಿ, ಸಿಹಿ ಸೋಡಾ ಬೆರೆಸಿ ಕುಡಿಯುತ್ತಾರೆ; ನಮ್ಮ ಮಾವ ನೋಡಿದ್ದರೆ ರಾಮನವಮಿಯ ಪಾನಕ ಎನ್ನುತ್ತಿದ್ದರು.

ಪ್ರಶ್ನೆ: ಆ ಜಾಗಗಳು ಈಗ ಇವೆಯೇ? ಮತ್ತೆ ಹೋಗಿದ್ದಿರಾ? (ಬ್ಯಾಂಕ್ ಉದ್ಯೋಗಿ, ಹಾಸನ)

2014ರ ಜೂನಿನಲ್ಲಿ ಹೆಂಡತಿಯ ಜೊತೆ ಹೋಗಿದ್ದೆ. ಬೀದಿ ಇದೆ. ಗುಮ್ಮಟ ಇದೆ. ಮೇಲ್ತುದಿಯಲ್ಲಿ ಹಳೆಯ ಅಂಗಡಿಸಾಲಿನ ಜಾಗದಲ್ಲಿ 2004ರಲ್ಲಿ ತೆರೆದ ಓವರ್ಚರ್ ಕಲಾಕೇಂದ್ರ ಹೊಳೆಯುತ್ತಿತ್ತು. ಊರಿನ ದಾನಿಯೊಬ್ಬರು 20.5 ಕೋಟಿ ಡಾಲರ್ ಕೊಟ್ಟು ಕಟ್ಟಿಸಿದ್ದು. ಸುಂದರವಾಗಿದೆ, ಒಳಗೆ ಹೋಗಲು ಮನಸ್ಸಾಗಲಿಲ್ಲ. ಸಾಸೇಜಿನ ಹೊಗೆಯಿಂದಲೇ ಗುರುತು ಸಿಗುತ್ತಿದ್ದ ಬ್ರಾಟ್‌ಹೌಸ್ ಹೆಸರು ಬದಲಿಸಿಕೊಂಡಿತ್ತು. ಬಾರುಗಳಲ್ಲಿ 2005ರಿಂದ ಸಿಗರೇಟು ನಿಷೇಧ, ಹಾಗಾಗಿ ಆ ವಾಸನೆಯೂ ಇಲ್ಲ. ಅದಕ್ಕಾಗಿ ನನ್ನ ಹೆಂಡತಿ ಸರ್ಕಾರವನ್ನು ಹೊಗಳಿದಳು.

1982ರ ಅಕ್ಟೋಬರಿನಲ್ಲಿ ಮಿಲ್ವಾಕಿಯ ಬೇಸ್‌ಬಾಲ್ ತಂಡ ವರ್ಲ್ಡ್ ಸೀರೀಸಿನ ಏಳನೆಯ ಪಂದ್ಯದಲ್ಲಿ ಸೋತ ರಾತ್ರಿ ನಾವೆಲ್ಲ ಕುಳಿತಿದ್ದ ಬಾರನ್ನು ಅವಳಿಗೆ ತೋರಿಸಬೇಕಿತ್ತು. ಆ ಆಟದ ನಿಯಮ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಅಂದು ಇಡೀ ಅಂಗಡಿ ಸೂತಕದ ಮನೆಯಾಗಿ, ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತ ಅಪರಿಚಿತ ದೈತ್ಯನೊಬ್ಬನ ಭಾರ ಇನ್ನೂ ನೆನಪಿದೆ. ಹೆಸರು ಬೇರೆಯಾಗಿದ್ದರೂ ಕಟ್ಟಡ ಸಿಕ್ಕಿತು. ಬಾಗಿಲಲ್ಲಿ ನಿಂತ ಹುಡುಗ ವಯಸ್ಸಿನ ಗುರುತಿನ ಚೀಟಿ ಕೇಳಿದ. ನನಗೆ ಐವತ್ತೇಳು, ತಲೆಯಲ್ಲಿ ಒಂದು ಕಪ್ಪು ಕೂದಲಿಲ್ಲ, ಪಾಸ್‌ಪೋರ್ಟು ಹೋಟೆಲಿನ ಕೋಣೆಯಲ್ಲಿತ್ತು. ‘ಎಲ್ಲರಿಗೂ ಒಂದೇ ನಿಯಮ, ಸರ್’ ಎಂದ. ನಾನು ವಾದಕ್ಕಿಳಿದೆ. ಹೆಂಡತಿ ತೋಳು ಹಿಡಿದು ಎಳೆದುಕೊಂಡು ಹೋದಳು. ನಕ್ಕು ನಕ್ಕು ಅವಳಿಗೆ ನಡೆಯಲಾಗುತ್ತಿರಲಿಲ್ಲ.

ಅಂದು ಶನಿವಾರ. ಗುಮ್ಮಟದ ಸುತ್ತ ರೈತರ ಸಂತೆ; 1972ರಿಂದ ನಡೆಯುತ್ತಿದೆ. ಅಂದಿನ ಬೆಳಗ್ಗೆ ಹಿಂಡಿದ ಚೀಸ್ ಗಟ್ಟಿಗಳ ಪೊಟ್ಟಣ ಕೊಂಡು ಹುಲ್ಲಿನ ಮೇಲೆ ಕುಳಿತೆವು. ತಾಜಾ ಇದ್ದರೆ ಅವು ಹಲ್ಲಿಗೆ ಸಿಕ್ಕಾಗ ಕೀರ್ ಎನ್ನುತ್ತವೆ. ಸುಣ್ಣದಂಶ ಹಿಡಿದಿಟ್ಟ ಪ್ರೋಟೀನು ಹಲ್ಲಿಗೆ ಉಜ್ಜುವ ಸದ್ದು, ಕೆಲವು ದಿನಗಳಲ್ಲಿ ಹುಳಿಯೇರಿದರೆ ನಿಲ್ಲುತ್ತದೆ. ಇದನ್ನೆಲ್ಲ ವಿವರಿಸಲು ಬಾಯಿ ತೆರೆದೆ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು, ಅಗಿದು, ನಿಲ್ಲಿಸಿ, ಮತ್ತೆ ಅಗಿದು, ‘ಮಳೆಗಾಲದಲ್ಲಿ ಒದ್ದೆ ಚಪ್ಪಲಿ ಹಾಕಿ ನಡೆದ ಹಾಗಿದೆ’ ಎಂದಳು. ಪೊಟ್ಟಣವನ್ನು ಮಾತ್ರ ನನ್ನ ಕಡೆಗೆ ತಿರುಗಿಸಲಿಲ್ಲ.